ಈ ಕಾರು ಯಾವ ದೇಶದ್ದು?

2019ರಲ್ಲಿ ಟೊಯೋಟಾ ಸುಪ್ರಾ ಮತ್ತೆ ಬಂತು. ಹಳೆಯ ಸುಪ್ರಾ 2002ರಲ್ಲೇ ನಿಂತುಹೋಗಿತ್ತು. ಅಷ್ಟು ವರ್ಷ ಕಾದಿದ್ದ ಕಾರು ಪ್ರಿಯರು ಖುಷಿಯಿಂದ ಬಾನೆಟ್ ಎತ್ತಿದರು. ಒಳಗೆ ಇದ್ದದ್ದು ಬಿಎಂಡಬ್ಲ್ಯು ಎಂಜಿನ್. ಬಗ್ಗಿ ನೋಡಿದರೆ ಅಲ್ಲೊಂದು ಮುಚ್ಚಳದ ಮೇಲೆ, ಇಲ್ಲೊಂದು ಪೈಪಿನ ಮೇಲೆ ಬಿಎಂಡಬ್ಲ್ಯು ಗುರುತಿನ ಪುಟ್ಟ ಅಚ್ಚು. ಗೇರ್ ಬಾಕ್ಸ್ ಜರ್ಮನಿಯ ಝಡ್‌ಎಫ್ ಕಂಪನಿಯದು. ಗಾಡಿ ಜೋಡಣೆ ಆಗಿದ್ದು ಆಸ್ಟ್ರಿಯಾದ ಗ್ರಾಜ್ ನಗರದಲ್ಲಿ, ಬೇರೆ ಕಂಪನಿಗಳಿಗೆ ಕಾರು ಕಟ್ಟಿಕೊಡುವ ಮ್ಯಾಗ್ನಾ ಸ್ಟೈರ್ ಕಾರ್ಖಾನೆಯಲ್ಲಿ. ಬಿಎಂಡಬ್ಲ್ಯು ಝಡ್4 ತಯಾರಾಗಿದ್ದೂ ಅಲ್ಲೇ. ಅಂದರೆ ಜಪಾನಿನವರು ಜಪಾನಿನಲ್ಲೇ ಸುಪ್ರಾ ಕೊಂಡರೂ ಅದು ಅವರಿಗೆ ಹಡಗಿನಲ್ಲಿ ಬಂದ ಗಾಡಿ.

"ಇದು ಸುಪ್ರಾನೇ ಅಲ್ಲ" ಅಂತ ದೊಡ್ಡ ಜಗಳ ಎದ್ದಿತು. ಆಮೇಲೆ ಟ್ಯೂನಿಂಗ್ ಮಾಡುವವರು ಆ ಎಂಜಿನ್ ಬಿಚ್ಚಿದರು, ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೋದ ಒತ್ತಡ ಏರಿಸಿದರು, ಅದು ಎಷ್ಟು ತಡೆಯುತ್ತದೆ ಅಂತ ನೋಡಿದರು. ಚೆನ್ನಾಗಿಯೇ ತಡೆಯಿತು. ಬೈದವರಲ್ಲಿ ಎಷ್ಟೋ ಜನರ ಮಾತು ನಿಧಾನವಾಗಿ ಮೆತ್ತಗಾಯಿತು. ಆ ಎಂಜಿನ್ ಮೊದಲ ದಿನವೂ ಅಷ್ಟೇ ಗಟ್ಟಿಯಾಗಿತ್ತು. ಆಗ ಯಾರೂ ಬಿಚ್ಚಿ ನೋಡಿರಲಿಲ್ಲ, ಅಷ್ಟೇ.

ಸ್ವದೇಶಿ ಕಾರು ಒಳ್ಳೆಯದೋ, ವಿದೇಶಿ ಕಾರು ಒಳ್ಳೆಯದೋ ಅನ್ನುವ ವಾದ ಕಾರು ಹುಚ್ಚಿನಷ್ಟೇ ಹಳೆಯದು. ನಾನೂ ಅದರಲ್ಲಿ ಗಂಟೆಗಟ್ಟಲೆ ಕೂತಿದ್ದೇನೆ, ಎರಡೂ ಕಡೆ ನಿಂತು ಮಾತಾಡಿದ್ದೇನೆ. ಈಗ ನನಗೆ ಸ್ಪಷ್ಟವಾಗಿ ಕಾಣುವುದು ಒಂದು. ನಾವು "ಇದು ಆ ದೇಶದ ಕಾರು" ಅಂದಾಗ ಮೂರು ಬೇರೆ ಬೇರೆ ವಿಷಯಗಳನ್ನು ಒಂದೇ ಗಂಟಿಗೆ ಹಾಕುತ್ತೇವೆ. ಕಾರನ್ನು ಎಲ್ಲಿ ಕಟ್ಟಿದರು ಅನ್ನುವುದು ಒಂದು. ಯಾವ ರಸ್ತೆಗೆ, ಯಾವ ತೆರಿಗೆಗೆ ಅಂತ ಕಟ್ಟಿದರು ಅನ್ನುವುದು ಇನ್ನೊಂದು. ಕೆಟ್ಟರೆ ಎಲ್ಲಿ, ಯಾರ ಕೈಯಲ್ಲಿ ರಿಪೇರಿ ಆಗುತ್ತದೆ ಅನ್ನುವುದು ಮೂರನೆಯದು. ಈ ಗಂಟು ಬಿಚ್ಚಿದರೆ ಯಾವ ಅಭಿಪ್ರಾಯಕ್ಕೆ ಎಷ್ಟು ತೂಕ ಕೊಡಬೇಕು ಅಂತ ತಿಳಿಯುತ್ತದೆ.

ಗಾಜಿನ ಮೂಲೆಯಲ್ಲಿರುವ ಸಂಖ್ಯೆ

ಮೊದಲು ಎಲ್ಲಿ ಕಟ್ಟಿದರು ಅನ್ನುವುದನ್ನು ನೋಡೋಣ. ಇದು ಸುಲಭ. ಬಹಳಷ್ಟು ಕಾರುಗಳಲ್ಲಿ ಮುಂದಿನ ಗಾಜಿನ ಕೆಳಮೂಲೆಯಲ್ಲಿ ಒಂದು ಸಣ್ಣ ಪಟ್ಟಿ ಇರುತ್ತದೆ. ಹೊರಗೆ ನಿಂತೇ ಓದಬಹುದು. ಅದರ ಮೇಲೆ 17 ಅಕ್ಷರ ಮತ್ತು ಅಂಕಿಗಳ ಸಂಖ್ಯೆ. ಐ, ಓ, ಕ್ಯೂ ಅಕ್ಷರಗಳನ್ನು ಅದರಲ್ಲಿ ಬಳಸುವುದೇ ಇಲ್ಲ, ಒಂದು ಮತ್ತು ಸೊನ್ನೆಯ ಜೊತೆ ಗೊಂದಲ ಆಗುತ್ತದೆ ಅಂತ.

ಮೊದಲನೆಯ ಗುರುತು ದೇಶ ಅಥವಾ ಪ್ರದೇಶವನ್ನು ಹೇಳುತ್ತದೆ. 1, 4, 5 ಇದ್ದರೆ ಅಮೆರಿಕ. 2 ಕೆನಡಾ, 3 ಮೆಕ್ಸಿಕೊ. ಜೆ ಜಪಾನ್, ಕೆ ಕೊರಿಯಾ, ಡಬ್ಲ್ಯು ಜರ್ಮನಿ, ಝಡ್ ಇಟಲಿ, ಎಲ್ ಚೀನಾ. ಈಗ ಒಂದು ಪಾರ್ಕಿಂಗ್ ಜಾಗದಲ್ಲಿ ಸುಮ್ನೆ ಓಡಾಡುತ್ತಾ ಈ ಸಂಖ್ಯೆಗಳನ್ನು ಓದಿ ನೋಡಿ. ಓಹಿಯೋದಲ್ಲಿ ಜೋಡಿಸಿದ ಹೋಂಡಾ ಅಕಾರ್ಡ್ 1ರಿಂದ ಶುರುವಾಗುತ್ತದೆ. ಫೋರ್ಡ್ ಫ್ಯೂಷನ್ ಮೆಕ್ಸಿಕೊದ ಎರ್ಮೊಸಿಯೊದಲ್ಲಿ ತಯಾರಾಗುತ್ತಿತ್ತು, ಅದು 3ರಿಂದ. ಆ ಸುಪ್ರಾ ಇದೆಯಲ್ಲ, ಅದರ ಸಂಖ್ಯೆ ಡಬ್ಲ್ಯುನಿಂದ! ದಕ್ಷಿಣ ಕ್ಯಾರೊಲೈನಾದ ಸ್ಪಾರ್ಟನ್‌ಬರ್ಗ್‌ನಲ್ಲಿ ಕಟ್ಟಿದ ಬಿಎಂಡಬ್ಲ್ಯು ಎಕ್ಸ್5 ಅಮೆರಿಕದಲ್ಲೇ ಮಾರಾಟವಾದರೆ 5 ಹಾಕಿಸಿಕೊಳ್ಳುತ್ತದೆ. ಅದೇ ಕಾರ್ಖಾನೆಯಿಂದ ಯುರೋಪಿಗೆ ಹೋದರೆ ಡಬ್ಲ್ಯು. ಹಾಗಾಗಿ ಮೊದಲ ಗುರುತನ್ನೇ ಪೂರ್ತಿ ನಂಬುವ ಹಾಗಿಲ್ಲ. ಅಮೆರಿಕದ ನಿಯಮದಲ್ಲಿ 11ನೇ ಗುರುತು ಕಾರ್ಖಾನೆಯದ್ದೇ. ತಿಳಿದವರು ಅದನ್ನು ನೋಡುತ್ತಾರೆ.

ಜೋಡಣೆಯ ಜಾಗ ಗೊತ್ತಾದ ಮಾತ್ರಕ್ಕೆ ಬಿಡಿಭಾಗಗಳ ಮೂಲ ತಿಳಿಯುವುದಿಲ್ಲ. ಅಮೆರಿಕ 1992ರಲ್ಲಿ ಇದಕ್ಕೊಂದು ಕಾನೂನು ಮಾಡಿತು. ಹೊಸ ಕಾರಿನ ಗಾಜಿಗೆ ಒಂದು ಚೀಟಿ ಅಂಟಿಸಬೇಕು. ಎಂಜಿನ್ ಎಲ್ಲಿಯದು, ಗೇರ್ ಬಾಕ್ಸ್ ಎಲ್ಲಿಯದು, ಕೊನೆಯ ಜೋಡಣೆ ಎಲ್ಲಿ ಆಯಿತು, ಬಿಡಿಭಾಗಗಳಲ್ಲಿ ಶೇಕಡಾ ಎಷ್ಟು ಸ್ವದೇಶಿ ಅಂತ ಅದರಲ್ಲಿ ಬರೆದಿರಬೇಕು. ಒಳ್ಳೆಯ ಯೋಚನೆ, ಆದರೆ ಲೆಕ್ಕದಲ್ಲಿ ಸಡಿಲ ಇದೆ. ಅಮೆರಿಕ ಮತ್ತು ಕೆನಡಾ ಎರಡನ್ನೂ ಸೇರಿಸಿ ಒಂದೇ ಅಂಕಿ ಕೊಡುತ್ತಾರೆ. ಅದೂ ನಿಮ್ಮ ಮುಂದೆ ನಿಂತ ಕಾರಿನದ್ದಲ್ಲ, ಆ ಮಾದರಿಯ ಸರಾಸರಿ. ಆದರೂ ಈ ಚೀಟಿ ಒಂದು ಉಪಕಾರ ಮಾಡಿತು. ಜಪಾನಿ ಹೆಸರಿನ ಎಷ್ಟೋ ಕಾರುಗಳಲ್ಲಿ ಸ್ವದೇಶಿ ಪಾಲು ಅಮೆರಿಕದ ಕಾರು ಕಂಪನಿಗಳ ಊರಾದ ಡೆಟ್ರಾಯಿಟ್ ಹೆಸರಿನ ಕಾರುಗಳಿಗಿಂತ ಜಾಸ್ತಿ ಇದೆ ಅನ್ನುವುದು ಜನರ ಕಣ್ಣಿಗೆ ಬಿತ್ತು.

ಯಜಮಾನ ಯಾರು ಅನ್ನುವ ಪ್ರಶ್ನೆಯ ಮೇಲೆ ನಾನು ಜಾಸ್ತಿ ಹೊತ್ತು ಕಳೆಯುವುದಿಲ್ಲ. ಜಾಗ್ವಾರ್ ಮತ್ತು ಲ್ಯಾಂಡ್ ರೋವರ್ 2008ರಿಂದ ಟಾಟಾ ಕೈಯಲ್ಲಿವೆ. ವೋಲ್ವೋ ಕಾರುಗಳು 2010ರಿಂದ ಚೀನಾದ ಗೀಲಿ ಕೈಯಲ್ಲಿ. ಜೀಪ್ ಹೆಸರಿನ ಒಡೆತನ ಇರುವ ಸ್ಟೆಲ್ಲಾಂಟಿಸ್‌ನ ಕಚೇರಿ ನೆದರ್ಲೆಂಡ್ಸ್‌ನಲ್ಲಿ. ಲಾಭ ಎಲ್ಲಿಗೆ ಹೋಗುತ್ತದೆ ಅನ್ನುವುದಕ್ಕೆ ಇದು ಉತ್ತರ. ಕಾರು ಹೇಗೆ ಓಡುತ್ತದೆ ಅನ್ನುವುದಕ್ಕಲ್ಲ.

ಲೀಟರಿಗೆ ಎಷ್ಟು ಕುದುರೆ?

ಎರಡನೆಯ ಪ್ರಶ್ನೆ ನನಗೆ ತುಂಬಾ ಇಷ್ಟವಾದದ್ದು. ಯಾವ ನೆಲಕ್ಕೆ ಅಂತ ಈ ಕಾರನ್ನು ಕಟ್ಟಿದರು? ಕಾರು ಪ್ರಿಯರು "ಅಮೆರಿಕನ್ ಗಾಡಿ ಹೀಗೆ, ಜಪಾನಿ ಗಾಡಿ ಹಾಗೆ" ಅನ್ನುವ ಮಾತಿನಲ್ಲಿ ನಿಜವಾದ ಹುರುಳಿರುವುದು ಇಲ್ಲಿ.

ಜಪಾನಿನಲ್ಲಿ ಪ್ರತಿವರ್ಷ ಕಟ್ಟುವ ಕಾರು ತೆರಿಗೆ ಎಂಜಿನ್ನಿನ ಸಿಸಿ ನೋಡಿ ಏರುತ್ತದೆ. ಸಣ್ಣ ಕಾರು ಅನ್ನಿಸಿಕೊಳ್ಳಬೇಕಾದರೆ ಉದ್ದ 4.7 ಮೀಟರ್, ಅಗಲ 1.7 ಮೀಟರ್, ಪೆಟ್ರೋಲ್ ಎಂಜಿನ್ 2,000 ಸಿಸಿ ದಾಟಬಾರದು. ಅದಕ್ಕೂ ಕೆಳಗೆ "ಕೇ" ಕಾರುಗಳ ವರ್ಗ ಇದೆ. ಅದಕ್ಕೆ ಉದ್ದ 3.4 ಮೀಟರ್, ಅಗಲ 1.48 ಮೀಟರ್, ಎಂಜಿನ್ 660 ಸಿಸಿ ಮಿತಿ. ಎಂಜಿನಿಯರ್‌ಗಳಿಗೆ ಸಿಸಿ ಏರಿಸುವ ದಾರಿ ಮುಚ್ಚಿದ ಹಾಗೆ ಆಯಿತು. ಇದ್ದಷ್ಟರಲ್ಲೇ ಜಾಸ್ತಿ ಹಿಂಡಬೇಕು. ಎಂಜಿನ್ ಜೋರಾಗಿ ತಿರುಗಿಸು, ಟರ್ಬೋ ಹಾಕು, ವಾಲ್ವ್ ತೆರೆಯುವ ಸಮಯವನ್ನೇ ಬದಲಾಯಿಸು. ಹೀಗೆ ಆ ಚುರುಕು ಎಂಜಿನ್‌ಗಳು ಹುಟ್ಟಿದವು.

ಅಮೆರಿಕದಲ್ಲಿ ಆ ಒತ್ತಡ ಇರಲಿಲ್ಲ. ದಶಕಗಟ್ಟಲೆ ಪೆಟ್ರೋಲ್ ಅಗ್ಗ. ಸಿಸಿ ಜಾಸ್ತಿ ಆದರೆ ತೆರಿಗೆ ಜಾಸ್ತಿ ಅನ್ನುವ ಭಯ ಇಲ್ಲ. ರಸ್ತೆ ಅಗಲ, ದೂರ ಜಾಸ್ತಿ. ಪವರ್ ಬೇಕಾ? ಎಂಜಿನ್ ದೊಡ್ಡದು ಮಾಡಿದರೆ ಆಯಿತು. 1955ರಲ್ಲಿ ಬಂದ ಶೆವ್ರೊಲೆಟ್ ಸ್ಮಾಲ್ ಬ್ಲಾಕ್ ವಿ8 (ಎಂಟು ಸಿಲಿಂಡರ್ ಎರಡು ಸಾಲಾಗಿ ಇರುವ ಎಂಜಿನ್) ಶುರುವಾದದ್ದೇ 4.3 ಲೀಟರಿನಿಂದ, ಹೆಸರಲ್ಲಿ ಮಾತ್ರ "ಸ್ಮಾಲ್".

ಈಗ ಆ ಪ್ರಸಿದ್ಧ ಜಗಳಕ್ಕೆ ಬನ್ನಿ. ಹೋಂಡಾ ಎಸ್2000 ಕಾರಿನ 2 ಲೀಟರ್ ಎಂಜಿನ್ ಅಮೆರಿಕಕ್ಕೆ ಬಂದಾಗ 240 ಅಶ್ವಶಕ್ತಿ ಕೊಡುತ್ತಿತ್ತು. ಲೀಟರಿಗೆ 120. ಟರ್ಬೋ ಇಲ್ಲದೆ! ಅದೇ ಕಾಲದ ಶೆವ್ರೊಲೆಟ್ ಕಾರ್ವೆಟ್‌ನ 5.7 ಲೀಟರ್ ವಿ8 ಎಂಜಿನ್ನಿಂದ ಬಂದದ್ದು 345. ಲೀಟರಿಗೆ 60ರ ಹತ್ತಿರ. "ನೋಡಿ, ಅರ್ಧಕ್ಕರ್ಧ. ಅಮೆರಿಕದವರಿಗೆ ಎಂಜಿನ್ ಮಾಡಲು ಬರುವುದಿಲ್ಲ" ಅಂತ ಒಂದು ಕಡೆಯವರು ಹೇಳುತ್ತಲೇ ಬಂದಿದ್ದಾರೆ.

ಆ ಎರಡು ಎಂಜಿನ್‌ಗಳ ಒಳಗೆ ಏನಿದೆ ಅಂತ ನೋಡಿದರೆ ಚಿತ್ರ ಬದಲಾಗುತ್ತದೆ. ಗಾಳಿ ಒಳಗೆ ಬಿಡಲು, ಹೊಗೆ ಹೊರಗೆ ಬಿಡಲು ವಾಲ್ವ್‌ಗಳು ಬೇಕು. ಅವನ್ನು ತೆರೆಯುವುದು ಉಬ್ಬುಗಳಿರುವ ಒಂದು ತಿರುಗುವ ದಂಡ, ಅದೇ ಕ್ಯಾಮ್ ಶಾಫ್ಟ್. ಹೋಂಡಾದಲ್ಲಿ ಅಂಥ ಎರಡು ದಂಡಗಳು ಎಂಜಿನ್ನಿನ ತಲೆಯ ಮೇಲೆ, ವಾಲ್ವ್‌ಗಳ ಪಕ್ಕದಲ್ಲೇ ಕೂತಿವೆ. ಮಧ್ಯೆ ಭಾರದ ಭಾಗಗಳು ಕಡಿಮೆ. ಅದಕ್ಕೇ ನಿಮಿಷಕ್ಕೆ ಸುಮಾರು 9,000 ಸುತ್ತು ತಿರುಗಿದರೂ ವಾಲ್ವ್‌ಗಳು ತಾಳ ತಪ್ಪುವುದಿಲ್ಲ. ಕಾರ್ವೆಟ್‌ನಲ್ಲಿ ಒಂದೇ ದಂಡ, ಅದೂ ಎಂಜಿನ್ನಿನ ಹೊಟ್ಟೆಯೊಳಗೆ, ಎರಡು ಸಾಲು ಸಿಲಿಂಡರ್‌ಗಳ ನಡುವೆ. ಅಲ್ಲಿಂದ ಉದ್ದ ಕಡ್ಡಿಗಳು ಮೇಲಕ್ಕೆ ಹೋಗಿ ವಾಲ್ವ್‌ಗಳನ್ನು ತೆರೆಯುತ್ತವೆ. ಇದಕ್ಕೇ ಪುಶ್‌ರಾಡ್ ಎಂಜಿನ್ ಅನ್ನುವುದು. ಅಷ್ಟು ಭಾಗಗಳನ್ನು ಮೇಲೆ ಕೆಳಗೆ ಆಡಿಸಬೇಕಾದ್ದರಿಂದ ಅದು 9,000 ಸುತ್ತಿಗೆ ಹೋಗುವುದಿಲ್ಲ.

ಅದರ ಬದಲಿಗೆ ಸಿಗುವುದು ಏನು ಗೊತ್ತಾ? ತಲೆಯ ಮೇಲೆ ಕ್ಯಾಮ್ ಇಲ್ಲದ ಕಾರಣ ಎಂಜಿನ್ ಗಿಡ್ಡ, ಅಗಲವೂ ಕಡಿಮೆ. ಒಂದು ವಿ8ಗೆ ನಾಲ್ಕು ಓವರ್‌ಹೆಡ್ ಕ್ಯಾಮ್ ಹಾಕಿದರೆ ಎರಡೂ ಪಕ್ಕದಲ್ಲಿ ದೊಡ್ಡ ಪೆಟ್ಟಿಗೆ ಇಟ್ಟ ಹಾಗೆ ಆಗುತ್ತದೆ. ಪುಶ್‌ರಾಡ್ ವಿ8 ಬಾನೆಟ್ ಕೆಳಗೆ ಅಡಗಿ ಕೂರುತ್ತದೆ. ಅದಕ್ಕೇ ಕಾರು ಪ್ರಿಯರು ಆ ಕುಟುಂಬದ ಎಲ್‌ಎಸ್ ಎಂಜಿನ್‌ಗಳನ್ನು ಪುಟ್ಟ ಮಾಜ್ದಾ ಮಿಯಾಟಾ ಒಳಗೂ ಕೂರಿಸುತ್ತಾರೆ. ಲೀಟರಿನಲ್ಲಿ ದೊಡ್ಡದು, ಟೇಪಿನ ಅಳತೆಯಲ್ಲಿ ಅಷ್ಟು ದೊಡ್ಡದಲ್ಲ.

ಹಾಗಾದರೆ ಲೀಟರಿಗೆ ಎಷ್ಟು ಕುದುರೆ ಅನ್ನುವ ಲೆಕ್ಕ ಯಾರಿಗೆ ಮುಖ್ಯ? ಲೀಟರ್ ನೋಡಿ ತೆರಿಗೆ ಕಟ್ಟುವವರಿಗೆ. ಆ ತೆರಿಗೆ ಇಲ್ಲದ ಕಡೆ ಎಂಜಿನ್ನಿನ ತೂಕ ಎಷ್ಟು, ಅದು ಎಷ್ಟು ಜಾಗ ತಿನ್ನುತ್ತದೆ, ಎಷ್ಟು ಪೆಟ್ರೋಲ್ ಕುಡಿಯುತ್ತದೆ ಅನ್ನುವುದೇ ನ್ಯಾಯವಾದ ಅಳತೆ. ಇದು ಅರ್ಥವಾದ ದಿನ ನನಗೆ ಈ ಜಗಳದ ಮೇಲಿದ್ದ ಸಿಟ್ಟು ಇಳಿಯಿತು. ಎರಡೂ ಕಡೆಯವರು ಒಳ್ಳೆಯ ಎಂಜಿನಿಯರಿಂಗನ್ನೇ ಹೊಗಳುತ್ತಿದ್ದಾರೆ. ಬೇರೆ ಬೇರೆ ಪ್ರಶ್ನೆಗೆ ಬರೆದ ಉತ್ತರಗಳನ್ನು ಒಂದೇ ಅಂಕಪಟ್ಟಿಯಲ್ಲಿ ತಿದ್ದುತ್ತಿದ್ದಾರೆ, ಅಷ್ಟೇ.

ಓಡಿಸುವಾಗ ವ್ಯತ್ಯಾಸ ಪಾದಕ್ಕೇ ಗೊತ್ತಾಗುತ್ತದೆ. ಎಸ್2000ರ ಟಾರ್ಕ್, ಅಂದರೆ ಎಂಜಿನ್ ತಿರುಗಿಸುವ ಬಲ, ಸುಮಾರು 207 ನ್ಯೂಟನ್ ಮೀಟರ್, ಅದರ ತುದಿ ಸಿಗುವುದು 7,500 ಸುತ್ತಿನಲ್ಲಿ. ಕೆಳಗಿನ ಸುತ್ತಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಸಾಮಾನ್ಯ ಕಾರಿನ ಹಾಗೆ ಹೋಗುತ್ತದೆ. ಗೇರ್ ಇಳಿಸಿ 6,000 ದಾಟಿಸಿದರೆ ಎಂಜಿನ್ನಿನ ಸ್ವರವೇ ಬದಲಾಗುತ್ತದೆ. ಕಾರ್ವೆಟ್‌ಗೆ ಸುಮಾರು 475 ನ್ಯೂಟನ್ ಮೀಟರ್, ಅದರಲ್ಲಿ ದೊಡ್ಡ ಪಾಲು ಕೆಳಗಿನ ಸುತ್ತಿನಲ್ಲೇ ಕೈಗೆ ಸಿಗುತ್ತದೆ. ಗೇರ್ ಮುಟ್ಟದೆ ಸುಮ್ನೆ ಒತ್ತಿದರೂ ಬೆನ್ನು ಸೀಟಿಗೆ ಅಂಟುತ್ತದೆ. ಒಂದನ್ನು ದುಡಿಸಿಕೊಂಡು ಓಡಿಸಬೇಕು, ಇನ್ನೊಂದು ತಾನೇ ದುಡಿಯುತ್ತದೆ. ಯಾವುದು ಇಷ್ಟ ಅನ್ನುವುದು ನಿಮ್ಮ ಕೈಕಾಲಿಗೆ ಬಿಟ್ಟದ್ದು.

ಇದೇ ಕಣ್ಣಲ್ಲಿ ಉಳಿದವನ್ನೂ ನೋಡಬಹುದು. ವೇಗಮಿತಿಯೇ ಇಲ್ಲದ ತುಣುಕುಗಳಿರುವ ಹೆದ್ದಾರಿಯಲ್ಲಿ ಬೆಳೆದ ಜರ್ಮನ್ ಕಾರು ಜೋರು ವೇಗದಲ್ಲೂ ನೆಲ ಕಚ್ಚಿಕೊಂಡು ಹೋಗುತ್ತದೆ, ಬ್ರೇಕ್ ಗಟ್ಟಿ. ಹೇಳಿದ ಸಮಯಕ್ಕೆ ಸರ್ವಿಸ್ ಆಗಿಯೇ ಆಗುತ್ತದೆ ಅಂತ ನಂಬಿ ಅದನ್ನು ಕಟ್ಟಿರುತ್ತಾರೆ. ಸರ್ವಿಸ್ ಮುಂದೂಡುವವರ ಕೈಗೆ ಬಂದರೆ ಖರ್ಚು ಮೈಮೇಲೆ ಬೀಳುತ್ತದೆ. ಫೋರ್ಡ್ ಮಸ್ಟಾಂಗ್ ದಶಕಗಳ ಕಾಲ ಹಿಂದಿನ ಎರಡು ಚಕ್ರಗಳನ್ನು ಒಂದೇ ಗಟ್ಟಿ ಆಕ್ಸಲ್‌ಗೆ ಕಟ್ಟಿಟ್ಟಿತ್ತು. ನೇರ ರಸ್ತೆಯಲ್ಲಿ 402 ಮೀಟರ್ ಡ್ರ್ಯಾಗ್ ಓಟಕ್ಕೆ ಅದು ಬಹಳ ಗಟ್ಟಿ, ಅಗ್ಗ. ಹೊಂಡ ಇರುವ ತಿರುವಿನಲ್ಲಿ ಒಂದು ಚಕ್ರ ಹಾರಿದರೆ ಇನ್ನೊಂದೂ ಅಲುಗುತ್ತದೆ. 2015ರ ಮಾದರಿಯಲ್ಲಿ ಎಲ್ಲ ಮಸ್ಟಾಂಗ್‌ಗಳಿಗೂ ಬಿಡಿ ಬಿಡಿ ಸಸ್ಪೆನ್ಷನ್ ಬಂತು. ಅದೇ ಮಾದರಿಯಲ್ಲೇ ಬಲಗೈ ಸ್ಟೀರಿಂಗ್ ಇರುವ ಮಸ್ಟಾಂಗ್ ಮೊದಲ ಸಲ ಕಾರ್ಖಾನೆಯಿಂದ ಹೊರಬಂತು. ಹೊರದೇಶಗಳಿಗೆ ಮಾರಲು ಹೊರಟಾಗಲೇ ಕಾರಿನ ಮೈಯೂ ಬದಲಾಯಿತು ಅನ್ನುವುದನ್ನು ಗಮನಿಸಿ.

ಒಂದೇ ಹೆಸರು ಎರಡು ದೇಶದಲ್ಲಿ ಎರಡು ಬೇರೆ ಕಾರೂ ಆಗಬಹುದು. 2000ದ ದಶಕದಲ್ಲಿ ಅಮೆರಿಕದ ಹೋಂಡಾ ಅಕಾರ್ಡ್ ದೊಡ್ಡ ಗಾಡಿ. ಜಪಾನ್ ಮತ್ತು ಯುರೋಪಿನ ಅಕಾರ್ಡ್ ಅದಕ್ಕಿಂತ ಸಣ್ಣದು, ಬೇರೆಯದೇ. ಆ ಸಣ್ಣದನ್ನು ಅಮೆರಿಕದಲ್ಲಿ ಅಕ್ಯೂರಾ ಟಿಎಸ್‌ಎಕ್ಸ್ ಅಂತ ಮಾರಿದರು. ಆದ್ದರಿಂದ ಬೇರೆ ದೇಶದವರು "ಅಕಾರ್ಡ್ ಹೀಗಿದೆ" ಅಂದಾಗ ಯಾವ ಅಕಾರ್ಡ್ ಅಂತ ಕೇಳಿಕೊಳ್ಳಬೇಕು.

ಕೋಳಿಗೆ ಹಾಕಿದ ತೆರಿಗೆ, ಪಿಕಪ್‌ಗೆ ಬಿದ್ದ ಬೇಲಿ

ಕಾರು ಪ್ರಿಯರ ರುಚಿಯನ್ನು ಸರ್ಕಾರಗಳೂ ರೂಪಿಸುತ್ತವೆ. 1960ರ ದಶಕದ ಆರಂಭದಲ್ಲಿ ಫ್ರಾನ್ಸ್, ಪಶ್ಚಿಮ ಜರ್ಮನಿ ಮೊದಲಾದ ದೇಶಗಳು ಅಮೆರಿಕದಿಂದ ಬರುವ ಕೋಳಿಮಾಂಸದ ಮೇಲೆ ಸುಂಕ ಏರಿಸಿದವು. ಅದಕ್ಕೆ ಪ್ರತಿಯಾಗಿ ಅಮೆರಿಕ ಬ್ರಾಂದಿ, ಆಲೂಗಡ್ಡೆ ಪಿಷ್ಟದಂಥ ಕೆಲವು ವಸ್ತುಗಳ ಜೊತೆಗೆ ಆಮದು ಆಗುವ ಸಣ್ಣ ಟ್ರಕ್‌ಗಳ ಮೇಲೂ ಸುಂಕ ಹಾಕಿತು. 1964ರಿಂದ ಟ್ರಕ್‌ಗೆ ಶೇಕಡಾ 25. ಉಳಿದವು ಕಾಲಕ್ರಮದಲ್ಲಿ ಹೋದವು, ಟ್ರಕ್ ಸುಂಕ ಉಳಿಯಿತು. ಈಗಲೂ ಅದನ್ನು "ಕೋಳಿ ತೆರಿಗೆ" ಅಂತಲೇ ಕರೆಯುತ್ತಾರೆ. ಅಮೆರಿಕದಲ್ಲಿ ಪಿಕಪ್ ಅಂದರೆ ಡೆಟ್ರಾಯಿಟ್ ಪಿಕಪ್ಪೇ ಅನ್ನುವ ಪ್ರೀತಿಯ ಹಿಂದೆ ಆ ಗಾಡಿಗಳ ಗುಣ ಖಂಡಿತ ಇದೆ. ಈ ಬೇಲಿಯೂ ಇದೆ.

ಬೇಲಿ ಹಾರಲು ಕಂಪನಿಗಳು ಏನೇನು ಮಾಡಿದವು ನೋಡಿ. 1970ರ ದಶಕದ ಕೊನೆಯಲ್ಲಿ ಬಂದ ಸುಬಾರು ಬ್ರಾಟ್ ಅನ್ನುವ ಪುಟ್ಟ ಪಿಕಪ್‌ನ ಹಿಂದಿನ ಡಬ್ಬಿಯಲ್ಲಿ, ತೆರೆದ ಗಾಳಿಯಲ್ಲಿ, ಎರಡು ಸೀಟು ಹಾಕಿದರು. ಜನ ಕೂರುವ ಜಾಗ ಇದೆ, ಹಾಗಾಗಿ ಇದು ಟ್ರಕ್ ಅಲ್ಲ, ಕಾರು! ಫೋರ್ಡ್ ಕಂಪನಿಯ ಕತೆ ಇನ್ನೂ ಮುಂದೆ ಹೋಗುತ್ತದೆ. 2009ರಿಂದ ಅದು ತನ್ನ ಟ್ರಾನ್ಸಿಟ್ ಕನೆಕ್ಟ್ ವ್ಯಾನ್‌ಗಳನ್ನು ಟರ್ಕಿಯಿಂದ ಅಮೆರಿಕಕ್ಕೆ ತರಿಸಿತು. ಹಡಗು ಹತ್ತುವಾಗ ಹಿಂದೆ ಸೀಟು, ಬೆಲ್ಟ್, ಕಿಟಕಿ ಎಲ್ಲ ಇದ್ದವು. ಬಂದರಿನಲ್ಲಿ ಇಳಿದ ಮೇಲೆ ಸೀಟು ಕಿತ್ತು, ಗಾಜಿನ ಜಾಗಕ್ಕೆ ತಗಡು ಹಾಕಿ ಸರಕಿನ ವ್ಯಾನ್ ಮಾಡಿ ಮಾರುತ್ತಿದ್ದರು. ಹೊಚ್ಚಹೊಸ ಸೀಟುಗಳು ಬಳಕೆಗೇ ಬರದೆ ಪುಡಿಯಾದವು. ಕಸ್ಟಮ್ಸ್ ಒಪ್ಪಲಿಲ್ಲ, ಮೊಕದ್ದಮೆ ವರ್ಷಗಟ್ಟಲೆ ನಡೆಯಿತು, 2024ರಲ್ಲಿ ಕಂಪನಿ 36.5 ಕೋಟಿ ಡಾಲರ್ ಕೊಟ್ಟು ಮುಗಿಸಿತು. ಅಮೆರಿಕದ ಕಂಪನಿಗಳನ್ನು ಕಾಯಲು ನಿಂತ ಬೇಲಿಯನ್ನು ಅಮೆರಿಕದ ಕಂಪನಿಯೇ ಹಾರಲು ಹೋಗಿತ್ತು. ಸ್ವದೇಶಿ ಅನ್ನುವ ಪದ ಎಷ್ಟು ಜಾರುತ್ತದೆ ಅನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ.

ಇನ್ನೊಂದು ತಿರುವು 1981ರದ್ದು. ಜಪಾನಿನಿಂದ ಅಮೆರಿಕಕ್ಕೆ ವರ್ಷಕ್ಕೆ 16.8 ಲಕ್ಷ ಕಾರು ಮಾತ್ರ ಅಂತ ಮಿತಿ ಬಂತು. ಸಂಖ್ಯೆಗೆ ಮಿತಿ ಹಾಕಿದರೆ ಕಂಪನಿ ಏನು ಮಾಡುತ್ತದೆ? ಒಂದೊಂದು ಕಾರಿನಲ್ಲೂ ಜಾಸ್ತಿ ಲಾಭ ಬರುವಂಥ ದುಬಾರಿ ಗಾಡಿ ಕಳಿಸುತ್ತದೆ, ಇಲ್ಲವೇ ಗಡಿಯೊಳಗೇ ಕಾರ್ಖಾನೆ ಹಾಕುತ್ತದೆ. ಜಪಾನಿನವರು ಎರಡನ್ನೂ ಮಾಡಿದರು. 1982ರಲ್ಲಿ ಹೋಂಡಾ ಓಹಿಯೋದಲ್ಲಿ ಕಾರು ಕಟ್ಟತೊಡಗಿತು. ದುಬಾರಿ ಕಾರುಗಳಿಗೆ ಅಂತಲೇ 1986ರಲ್ಲಿ ಹೋಂಡಾದ ಅಕ್ಯೂರಾ ಹೆಸರು ಬಂತು, 1989ರಲ್ಲಿ ಟೊಯೋಟಾದ ಲೆಕ್ಸಸ್ ಮತ್ತು ನಿಸಾನ್‌ನ ಇನ್ಫಿನಿಟಿ. ಮಿತಿ ಇಲ್ಲದಿದ್ದರೆ ಇವೆಲ್ಲ ಬರುತ್ತಲೇ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ಇಷ್ಟು ಬೇಗ ಬರಲು ಅದೊಂದು ದೊಡ್ಡ ಕಾರಣ.

ಹಳೆಯ ಗಾಯ, ಹೊಸ ಕಾರು

ಅಭಿಪ್ರಾಯಕ್ಕೂ ವಯಸ್ಸಿರುತ್ತದೆ. ಜನ ಮೊದಲ ಕಾರಿನಲ್ಲಿ ಕಂಡದ್ದನ್ನು ಮೂವತ್ತು ವರ್ಷ ಹೇಳುತ್ತಾರೆ. 1971ರ ಮಾದರಿಯಾಗಿ ಬಂದ ಶೆವ್ರೊಲೆಟ್ ವೇಗಾ ಕಾರಿನ ಅಲ್ಯೂಮಿನಿಯಂ ಎಂಜಿನ್ನಿಗೆ ಕಬ್ಬಿಣದ ಒಳಕವಚ ಇರಲಿಲ್ಲ. ಬಿಸಿ ಜಾಸ್ತಿ ಆದರೆ ಬ್ಲಾಕ್ ಸೊಟ್ಟಗಾಗಿ ಆಯಿಲ್ ಕುಡಿಯುತ್ತಿತ್ತು, ಮೈಗೆ ತುಕ್ಕು ಬೇರೆ. 1973ರ ಕೊನೆಯಲ್ಲಿ ತೈಲ ಬಿಕ್ಕಟ್ಟು ಬಂದು ಪೆಟ್ರೋಲ್ ಬಂಕ್‌ಗಳ ಮುಂದೆ ಸಾಲು ನಿಂತಿತು. ಅದೇ ಹೊತ್ತಿಗೆ ಹೋಂಡಾ ಸಿವಿಕ್‌ನ 1975ರ ಸಿವಿಸಿಸಿ ಎಂಜಿನ್, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದೆಯೇ ಹೊಸ ಹೊಗೆ ನಿಯಮ ಪಾಸಾಯಿತು. ಆ ಎರಡರಲ್ಲಿ ಯಾವ ಕಾರು ಕೊಂಡಿದ್ದರು ಅನ್ನುವುದರ ಮೇಲೆ ಎಷ್ಟೋ ಮನೆಗಳಲ್ಲಿ ಎರಡು ತಲೆಮಾರಿನ ನಿಷ್ಠೆ ತೀರ್ಮಾನವಾಯಿತು. ಆ ಕಾಲದ ಜಪಾನಿ ಗಾಡಿಗಳಿಗೂ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುವ ಕಡೆ ತುಕ್ಕು ಚೆನ್ನಾಗಿಯೇ ತಿಂದಿತ್ತು. ಆದರೆ ನೆನಪಿನಲ್ಲಿ ಉಳಿದದ್ದು ಎಂಜಿನ್.

ಹೆಸರಿನ ಮೇಲಿನ ನಂಬಿಕೆ ಎಷ್ಟು ಬಲವಾದದ್ದು ಅಂತ ತೋರಿಸುವ ಒಂದು ಸಹಜ ಪರೀಕ್ಷೆಯೂ ನಡೆದಿದೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್ 1982ರಲ್ಲಿ ಒಂದು ಕಾರ್ಖಾನೆ ಮುಚ್ಚಿತು. ಕೆಲಸಗಾರರು ಸರಿಯಾಗಿ ಬರುವುದಿಲ್ಲ, ಕೆಲಸ ಚೆನ್ನಾಗಿಲ್ಲ ಅನ್ನುವ ಕೆಟ್ಟ ಹೆಸರು ಅದಕ್ಕಿತ್ತು. 1984ರಲ್ಲಿ ಟೊಯೋಟಾ ಜೊತೆ ಸೇರಿ ಅದನ್ನೇ ಮತ್ತೆ ತೆರೆದರು. ಹಳೆಯ ಕೆಲಸಗಾರರಲ್ಲಿ ಬಹಳಷ್ಟು ಜನರನ್ನೇ ವಾಪಸ್ ತೆಗೆದುಕೊಂಡರು. ಕೆಲಸದ ಪದ್ಧತಿ ಮಾತ್ರ ಟೊಯೋಟಾದ್ದು. ತಪ್ಪು ಕಂಡರೆ ಕೆಲಸಗಾರನೇ ಹಗ್ಗ ಎಳೆದು ಸಾಲು ನಿಲ್ಲಿಸಬಹುದಿತ್ತು. ಸ್ವಲ್ಪ ಕಾಲದಲ್ಲೇ ಆ ಕಾರುಗಳ ಗುಣಮಟ್ಟ ಜಪಾನಿನ ಮಟ್ಟಕ್ಕೆ ಬಂತು. ದೋಷ ಆ ದೇಶದ ಕೈಗಳಲ್ಲಿ ಇರಲಿಲ್ಲ ಅಂತಾಯಿತು ಅಲ್ವಾ?

ಅಲ್ಲಿ ಒಂದೇ ವಿನ್ಯಾಸದ ಕಾರಿಗೆ ಎರಡು ಹೆಸರು. ಟೊಯೋಟಾ ಕೊರೊಲ್ಲಾ ಅಂತ ಒಂದು, ಜಿಯೋ ಪ್ರಿಜ್ಮ್ ಅಂತ ಜನರಲ್ ಮೋಟಾರ್ಸ್‌ನದ್ದು ಇನ್ನೊಂದು. ಎಂಜಿನ್ ಒಂದೇ, ಕಾರ್ಖಾನೆ ಒಂದೇ. ಆದರೂ ಕೊರೊಲ್ಲಾ ಜಾಸ್ತಿ ಮಾರಾಟವಾಯಿತು, ಸೆಕೆಂಡ್ ಹ್ಯಾಂಡ್ ಬೆಲೆಯೂ ಅದಕ್ಕೇ ಜಾಸ್ತಿ ನಿಂತಿತು. ಗೊತ್ತಿದ್ದವರು ಪ್ರಿಜ್ಮ್ ಕೊಂಡು ಕೊರೊಲ್ಲಾದ ಆಯುಷ್ಯವನ್ನು ಕಡಿಮೆ ದುಡ್ಡಿಗೆ ಪಡೆದರು. ಆ ಕಾರ್ಖಾನೆ 2010ರಲ್ಲಿ ಟೆಸ್ಲಾ ಕೈಗೆ ಹೋಯಿತು.

ಇಲ್ಲಿ ಒಂದು ನೋವಿನ ಮಾತು ಹೇಳದೆ ಮುಂದೆ ಹೋಗಲಾರೆ. 1982ರ ಜೂನ್‌ನಲ್ಲಿ ಡೆಟ್ರಾಯಿಟ್ ಬಳಿ ವಿನ್ಸೆಂಟ್ ಚಿನ್ ಎಂಬ 27 ವರ್ಷದ ಚೀನೀ ಮೂಲದ ಅಮೆರಿಕನ್ ಯುವಕನನ್ನು ಇಬ್ಬರು ಹೊಡೆದು ಕೊಂದರು. ಒಬ್ಬ ಕಾರು ಕಾರ್ಖಾನೆಯ ಮೇಲ್ವಿಚಾರಕ, ಇನ್ನೊಬ್ಬ ಕೆಲಸ ಕಳೆದುಕೊಂಡಿದ್ದ ಅವನ ಮಲಮಗ. ಜಪಾನಿ ಕಾರುಗಳಿಂದ ಕೆಲಸ ಹೋಯಿತು ಅನ್ನುವ ಸಿಟ್ಟು ಊರಲ್ಲೆಲ್ಲ ಕುದಿಯುತ್ತಿದ್ದ ಕಾಲ ಅದು. ಅವರಿಗೆ ರಾಜ್ಯದ ನ್ಯಾಯಾಲಯ ಕೊಟ್ಟದ್ದು ಪ್ರೊಬೇಷನ್ ಮತ್ತು 3,000 ಡಾಲರ್ ದಂಡ, ಜೈಲಲ್ಲ. ಕಾರಿನ ಮೇಲಿನ ಅಭಿಪ್ರಾಯ ಮನುಷ್ಯರ ಮೇಲಿನ ದ್ವೇಷವಾಗಿ ತಿರುಗುವ ಜಾಗ ಎಲ್ಲಿದೆ ಅಂತ ಕಾರು ಪ್ರೀತಿಸುವ ನಾವೆಲ್ಲ ತಿಳಿದಿರಬೇಕು.

ಹಾಗಂತ ಸ್ವದೇಶಿ ಕಾರಿನ ಮೇಲಿನ ಅಭಿಮಾನವನ್ನು ನಾನು ಹಗುರವಾಗಿ ನೋಡುವುದಿಲ್ಲ. ಆಸ್ಟ್ರೇಲಿಯಾದವರಿಗೆ ಹೋಲ್ಡನ್ ತಮ್ಮದೇ ಕಾರು. ಕಂಪನಿ 1931ರಿಂದ ಅಮೆರಿಕದ ಜನರಲ್ ಮೋಟಾರ್ಸ್ ಒಡೆತನದಲ್ಲಿತ್ತು, ಆದರೂ ತಮ್ಮದೇ. ಅಪ್ಪ ಅಲ್ಲಿ ಕೆಲಸ ಮಾಡಿದ್ದರು, ಅಣ್ಣನೂ ಅಲ್ಲೇ ಸೇರಿದ್ದ, ಆ ದೇಶದ ಉದ್ದ ರಸ್ತೆಗೆ ಅಂತಲೇ ಅದನ್ನು ಹದ ಮಾಡಿದ್ದರು. 1991 ಮತ್ತು 1992ರಲ್ಲಿ ಆ ದೇಶದ ಪ್ರಸಿದ್ಧ ಬಾಥರ್ಸ್ಟ್ ಕಾರು ರೇಸನ್ನು ಜಪಾನಿನ ನಿಸಾನ್ ಸ್ಕೈಲೈನ್ ಜಿಟಿ-ಆರ್ ಗೆದ್ದಾಗ, 1992ರಲ್ಲಿ ವೇದಿಕೆಯ ಮುಂದೆ ನಿಂತ ಜನ ಕೂಗಿ ಛೀಮಾರಿ ಹಾಕಿದ್ದರು. 2017ರ ಅಕ್ಟೋಬರ್ 20ರಂದು ಅಡಿಲೇಡ್ ಹತ್ತಿರದ ಎಲಿಜಬೆತ್ ಕಾರ್ಖಾನೆಯಿಂದ ಕೊನೆಯ ಹೋಲ್ಡನ್ ಹೊರಬಂತು. ಅಲ್ಲಿಗೆ ಆ ದೇಶದ ದೊಡ್ಡ ಕಂಪನಿಗಳ ಕಾರು ತಯಾರಿಕೆಯೇ ಮುಗಿಯಿತು. ಆ ನಷ್ಟ ನಿಜವಾದದ್ದು. ಅದನ್ನು ಅಶ್ವಶಕ್ತಿಯ ಲೆಕ್ಕದಲ್ಲಿ ಅಳೆಯಲು ಆಗುವುದಿಲ್ಲ.

ಕೆಟ್ಟಾಗ ಯಾರು ನೋಡುತ್ತಾರೆ?

ಕೊನೆಯ ಪ್ರಶ್ನೆ ರಿಪೇರಿಯದು. ಸ್ವದೇಶಿ ಕಾರಿನ ನಿಜವಾದ ಲಾಭ ಇರುವುದು ಇಲ್ಲಿ ಅಂತ ನನ್ನ ನಂಬಿಕೆ. ನಿಮ್ಮ ಸುತ್ತ ಸಾವಿರಾರು ಓಡುತ್ತಿರುವ ಗಾಡಿಗೆ ಸ್ಪೇರ್ ಪಾರ್ಟ್ಸ್ ಸಿಗುತ್ತದೆ, ಬೇರೆ ಕಂಪನಿಯ ಅಗ್ಗದ ಭಾಗವೂ ಸಿಗುತ್ತದೆ, ಗುಜರಿಯಲ್ಲಿ ಹಳೆಯದೂ ಸಿಗುತ್ತದೆ. ಅದರ ಕಾಯಿಲೆ ಮೆಕ್ಯಾನಿಕ್‌ಗೆ ಸದ್ದು ಕೇಳಿದರೇ ಗೊತ್ತು. ಅಪರೂಪದ ಆಮದು ಗಾಡಿಯಲ್ಲಿ ಒಂದು ಬೆರಳು ಗಾತ್ರದ ಸೆನ್ಸರ್ ಹೋಯಿತು ಅನ್ನಿ. ಭಾಗ ಹಡಗಿನಲ್ಲಿ ಬರಬೇಕು, ಬಂದ ಮೇಲೆ ಅದನ್ನು ಪರಿಚಯಿಸಿಕೊಳ್ಳುವ ಕಂಪ್ಯೂಟರ್ ಬೇಕು. ಆ ಕಾರು ಕೆಟ್ಟದ್ದು ಅಂತಲ್ಲ, ಅದು ತನ್ನ ಊರಿನಿಂದ ದೂರ ಇದೆ. ಅದೇ ಕಾರನ್ನು ಅದರ ಊರಿನಲ್ಲಿ ಅರ್ಧ ದಿನದಲ್ಲಿ ಸರಿಮಾಡುತ್ತಾರೆ.

ಜಪಾನಿನಿಂದ ನೇರವಾಗಿ ತರಿಸುವ ಹಳೆಯ ಗಾಡಿಗಳ ಹುಚ್ಚು ಈಗ ಜೋರಾಗಿದೆ. ಅದಕ್ಕೂ ಕಾರಣ ನಿಯಮಗಳೇ. ಜಪಾನಿನಲ್ಲಿ ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡು ವರ್ಷಕ್ಕೊಮ್ಮೆ "ಶಾಕೆನ್" ಎಂಬ ತಪಾಸಣೆ ಇದೆ. ಖರ್ಚು ಜಾಸ್ತಿ. ಹಾಗಾಗಿ ಚೆನ್ನಾಗಿರುವ ಗಾಡಿಯನ್ನೂ ಬೇಗ ಹರಾಜಿಗೆ ಬಿಡುತ್ತಾರೆ. ಅಮೆರಿಕದಲ್ಲಿ 1988ರ ಕಾನೂನಿನ ಪ್ರಕಾರ ಅಲ್ಲಿನ ಸುರಕ್ಷತಾ ನಿಯಮಕ್ಕೆ ಕಟ್ಟದ ಕಾರು 25 ವರ್ಷ ತುಂಬಿದ ಮೇಲಷ್ಟೇ ಸಲೀಸಾಗಿ ಒಳಗೆ ಬರಬಹುದು. 1989ರ ಸ್ಕೈಲೈನ್ ಜಿಟಿ-ಆರ್ 2014ರಲ್ಲಿ ಆ ಗಡಿ ದಾಟಿತು.

ಇಂಥ ಗಾಡಿ ಕೊಳ್ಳುವವರು ಕೆಲವು ವಿಷಯ ಮೊದಲೇ ತಿಳಿದಿರಬೇಕು. ಬಲಗೈ ಸ್ಟೀರಿಂಗ್ ಗಾಡಿಯನ್ನು ರಸ್ತೆಯ ಬಲಗಡೆ ಓಡಿಸುವ ದೇಶಕ್ಕೆ ತಂದರೆ ಓವರ್‌ಟೇಕ್ ಮಾಡುವಾಗ ಮುಂದಿನದು ಕಾಣುವುದಿಲ್ಲ. ಹೆಡ್‌ಲೈಟಿನ ಡಿಮ್ ಬೆಳಕು ಎಡ ಅಂಚಿನ ಕಡೆ ಎತ್ತರಕ್ಕೆ ಬೀಳುವಂತೆ ಕತ್ತರಿಸಿರುತ್ತದೆ. ಬದಲಿಸದಿದ್ದರೆ ಎದುರು ಬರುವವರ ಕಣ್ಣಿಗೇ ಹೊಡೆಯುತ್ತದೆ. ಬಹಳಷ್ಟು ಜಪಾನಿ ಗಾಡಿಗಳ ಸ್ಪೀಡೋಮೀಟರ್ 180ಕ್ಕೆ ನಿಂತುಬಿಡುತ್ತದೆ, ವೇಗಕ್ಕೂ ಅಲ್ಲೇ ಕಡಿವಾಣ. 1989ರಿಂದ 2004ರವರೆಗೆ ಅಲ್ಲಿನ ಕಂಪನಿಗಳು 280 ಅಶ್ವಶಕ್ತಿಗಿಂತ ಜಾಸ್ತಿ ಹೇಳಿಕೊಳ್ಳಬಾರದು ಅಂತ ತಮ್ಮತಮ್ಮಲ್ಲೇ ಒಪ್ಪಿಕೊಂಡಿದ್ದವು. ಹಾಗಾಗಿ ಆ ಕಾಲದ ಕಾಗದದ ಮೇಲಿನ 280 ಅನ್ನುವ ಅಂಕಿಯನ್ನು ಹಾಗೇ ನಂಬಬೇಡಿ.

ಮುಖ್ಯವಾಗಿ ಹರಾಜಿನ ಹಾಳೆ ಕೇಳಿ. ಒಂದೇ ಪುಟ, ಅದರಲ್ಲಿ ಕಾರನ್ನು ಬಿಡಿಸಿ ಹರಡಿದಂಥ ಒಂದು ಗೆರೆಚಿತ್ರ. ಪರೀಕ್ಷಕರು ಪ್ರತಿ ಕಲೆಗೂ ಅಲ್ಲೇ ಗುರುತು ಹಾಕಿರುತ್ತಾರೆ. ಎ ಅಂದರೆ ಗೀರು, ಯು ಅಂದರೆ ತಗ್ಗು, ಡಬ್ಲ್ಯು ಅಂದರೆ ಹಳೆಯ ರಿಪೇರಿಯ ಅಲೆ, ಎಕ್ಸ್‌ಎಕ್ಸ್ ಅಂದರೆ ಆ ಭಾಗವನ್ನೇ ಬದಲಿಸಿದ್ದಾರೆ. ಅಕ್ಷರದ ಪಕ್ಕದ ಅಂಕಿ ಏರಿದಷ್ಟೂ ಪೆಟ್ಟು ದೊಡ್ಡದು. ಮೇಲ್ಗಡೆ ಒಟ್ಟು ದರ್ಜೆ ಇರುತ್ತದೆ. 4 ಅಥವಾ 4.5 ಇದ್ದರೆ ಒಳ್ಳೆಯದು. ಆರ್ ಇದ್ದರೆ ಅಪಘಾತವಾಗಿ ರಿಪೇರಿ ಆದ ಗಾಡಿ.

ಆ ಹಾಳೆ ನಿಮ್ಮ ಮುಂದಿರುವ ಗಾಡಿಯದ್ದೇನಾ ಅಂತಲೂ ನೋಡಬೇಕು. ಜಪಾನಿನ ಒಳಗೆ ಮಾರಲು ಮಾಡಿದ ಕಾರಿಗೆ ಸಾಮಾನ್ಯವಾಗಿ ಆ 17 ಅಕ್ಷರದ ಸಂಖ್ಯೆ ಇರುವುದಿಲ್ಲ. ಬಿಎನ್‌ಆರ್32 ಅನ್ನುವಂಥ ಮಾದರಿ ಸಂಕೇತ, ಒಂದು ಅಡ್ಡಗೆರೆ, ಆಮೇಲೆ ಕೆಲವು ಅಂಕಿಗಳು, ಅಷ್ಟೇ. ಆ ಜಿಟಿ-ಆರ್‌ನಲ್ಲಿ ಅದನ್ನು ಎಂಜಿನ್ನಿನ ಹಿಂದಿನ ತಗಡಿನ ಗೋಡೆಯ ಮೇಲೆ ಕೊರೆದಿರುತ್ತಾರೆ. ಒಂದು ಬಟ್ಟೆ, ಒಂದು ಟಾರ್ಚ್ ತೆಗೆದುಕೊಂಡು ಹೋಗಿ. ಜಿಡ್ಡು ಒರೆಸಿ, ಹಾಳೆಯನ್ನು ಪಕ್ಕದಲ್ಲಿ ಹಿಡಿದು, ಒಂದೊಂದೇ ಅಂಕಿ ಓದಿ.